ವಸ್ತಿಗೆ ಬಂದ ಹಾಲು

ತೇಲೂರು, ಬೆಂಡೋಣಿ
ನೀರಿನ ವರ್ಷ ಇನ್ನೂರಾ ಹನ್ನೊಂದು, ಹದಿಮೂರನೆಯ ತಿಂಗಳು, ತಾರೀಖು ಮೂವತ್ತೇಳು

ಸಕ್ರವ್ವನ ಅಜ್ಜಿಯ ಅಜ್ಜಿಯವರಿಗೆ, ಬಾಳವ್ವನ ಶರಣು ಶರಣಾರ್ಥಿ.

ತಾರೀಖು ನೋಡಿ ಇದನ್ನು ಬರೆದವಳಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ಬೇಸಿಗೆಯ ಬೆನ್ನಿಗೆ ಬಿಸಿಗಾಲ ಎಂಬ ಇನ್ನೊಂದು ಕಾಲ ಬಂದು ಕೂತ ಮೇಲೆ ನಮಗೆ ಹನ್ನೆರಡು ತಿಂಗಳು ಸಾಲದಾದವು. ಹದಿಮೂರನೆಯದನ್ನು ಮೊದಲ ಮಳೆ ಬೀಳುವ ತನಕ ಎಣಿಸುತ್ತಲೇ ಹೋಗುತ್ತೇವೆ, ಅದಕ್ಕೆ ಕೊನೆಯ ತಾರೀಖು ಅಂತ ಇಲ್ಲ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಮಾತುಗಳೂ ನಮಗೆ ಹಾಗೆಯೇ. ಫ್ರಿಜ್ಜು ಎಂದರೆ ಒಂದು ಬಗೆಯ ದೇವರಕೋಣೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಬಾಗಿಲು ತೆರೆದಾಗಲೆಲ್ಲ ಒಳಗೆ ದೀಪ ಉರಿಯುತ್ತಿತ್ತಂತಲ್ಲ, ಮತ್ತೇನು ಅಂದುಕೊಳ್ಳಲಿ?

ಈ ಕಾಗದ ನಿಮ್ಮನ್ನು ಹೇಗೆ ಮುಟ್ಟೀತು ಎಂದು ಕೇಳುತ್ತೀರಿ. ನೀವು ಇನ್ನೇನು ಬಿಟ್ಟು ಹೊರಡಲಿರುವ ಹಿರೇಮಡು ನಮ್ಮ ಕೆಳಗೇ ಇದೆ. ಅಣೆಕಟ್ಟಿನ ನೀರು ಏರಿ ನಿಮ್ಮ ಊರು ಮುಳುಗಿದ ವರ್ಷದಿಂದಲೇ ನಾವು ವರ್ಷ ಎಣಿಸುವುದು. ಬಯಲಲ್ಲಿ ಬಿಸಿ ತಡೆಯಲಾಗದೆ ಜನ ಮತ್ತೆ ನೀರಿಗೇ ಬಂದರು, ತೆಪ್ಪ ಕಟ್ಟಿಕೊಂಡು ನಿಮ್ಮ ಊರಿನ ಮೇಲೆ ಊರು ಮಾಡಿದರು. ಅದೇ ತೇಲೂರು. ಗಾಳಿ ಬಿದ್ದ ಬೆಳಗ್ಗೆ ನೀರು ತಿಳಿಯಾಗಿ ನಿಮ್ಮ ಬಸ್ ಸ್ಟ್ಯಾಂಡಿನ ಚಾವಣಿ ನನ್ನ ಅಡಿಗೆಮನೆಯ ಕೆಳಗೆ ಹಸಿರಾಗಿ ಕಾಣುತ್ತದೆ, ಅದರ ಕೆಳಗೆ ಮೀನುಗಳು ಬಸ್ಸು ಕಾಯುತ್ತಿರುತ್ತವೆ. ವರ್ಷಕ್ಕೊಮ್ಮೆ, ನೀರು ತೀರಾ ಇಳಿದ ದಿನ, ನಾವು ಹಿಂದಿನವರಿಗೆ ಕಾಗದ ಬರೆದು ಸೋರೆಬುರುಡೆಯಲ್ಲಿಟ್ಟು ಮೇಣ ಬಳಿದು ಕಲ್ಲು ಕಟ್ಟಿ ಇಳಿಬಿಡುತ್ತೇವೆ. ಮುಳುಗೋಲೆ ಎನ್ನುತ್ತೇವೆ ಇದಕ್ಕೆ. ಹಿಂದಿನ ಕಾಲ ಕೆಳಗಿದೆ ಎಂದ ಮೇಲೆ ಕಾಗದವೂ ಕೆಳಗೇ ಹೋಗಬೇಕಲ್ಲವೇ.

ನಮ್ಮ ಓಣಿಗಳು ಹಗ್ಗದಿಂದ ಕಟ್ಟಿದ ತೆಪ್ಪಗಳ ಸಾಲು. ಗಾಳಿ ತಿರುಗಿದರೆ ಓಣಿಯೂ ತಿರುಗುತ್ತದೆ. ಬೆಳಗ್ಗೆ ಎದುರು ಮನೆಯವಳಾಗಿದ್ದವಳು ಸಂಜೆಗೆ ಹಿತ್ತಲವಳಾಗಿರುತ್ತಾಳೆ, ಅರ್ಧಕ್ಕೆ ಬಿಟ್ಟ ಜಗಳ ಮುಗಿಸಲು ಗಾಳಿಗೆ ಕಾಯಬೇಕು. ಹಸುವನ್ನು ನಾನು ಕಂಡಿದ್ದು ಜೀವಮಾನದಲ್ಲಿ ಒಮ್ಮೆ, ಅದೂ ದೂರದಿಂದ. ನಮ್ಮದು ಕಾಳುಹಾಲು, ಅವರೆ ಸೇಂಗಾ ನೆನೆಸಿ ರುಬ್ಬಿ ಹಿಂಡಿ ಕಾಸಿದ್ದು. ಅದಕ್ಕೆ ಹೆಪ್ಪು ಹಿಡಿಯುವುದು ಸುಲಭವಲ್ಲ. ಅಂಗಡಿಯಲ್ಲಿ ಸಿಗುವ ಪೊಟ್ಟಣದ ಹೆಪ್ಪು ಒಂದು ಸಲ ಮೊಸರು ಮಾಡಿ ಸತ್ತುಹೋಗುತ್ತದೆ, ಅದರ ಮೊಸರಿನಿಂದ ನಾಳೆಯ ಮೊಸರಾಗದು. ಬೇಕೆಂದೇ ಹಾಗೆ ಮಾಡಿರುತ್ತಾರೆ, ದಿನಾ ಕೊಳ್ಳಲಿ ಅಂತ. ದಿನದಿಂದ ದಿನಕ್ಕೆ ಬದುಕಿಕೊಂಡು ಬರುವ ಹೆಪ್ಪು ನಾನು ಹುಟ್ಟಿದಾಗ ಇಡೀ ತೇಲೂರಿನಲ್ಲಿ ಒಂದೇ ಮನೆಯಲ್ಲಿತ್ತು. ಓಣಿಯ ಕೊನೆಯ ತೆಪ್ಪದ ಸಕ್ರವ್ವನಲ್ಲಿ. ಬೇರೆಯವರು ಒಯ್ದದ್ದು ನಮ್ಮ ಬಿಸಿಗೆ ನಾಲ್ಕು ದಿನದಲ್ಲಿ ಕೆಟ್ಟುಹೋಗುತ್ತಿತ್ತು, ಅದನ್ನು ಉಳಿಸಿಕೊಳ್ಳುವ ಕೈ ಆಗ ಅವಳೊಬ್ಬಳದೇ. ಅವಳ ಅಜ್ಜಿಯ ಅಜ್ಜಿ ಊರು ಬಿಡುವಾಗ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು ಅದು. ಎಂದರೆ ನೀವು.

ನನ್ನ ಅವ್ವ ಹಗ್ಗದವಳು. ತೆಪ್ಪಗಳ ಹಗ್ಗ ಸಡಿಲಾದಾಗ ನೀರಿಗಿಳಿದು ಬಿಗಿಯುವ ಕೆಲಸ. ನಾನು ಪೊಟ್ಟಣದ ಮೊಸರಿನ ತೆಪ್ಪದಲ್ಲಿ ಬರಣಿ ತೊಳೆಯುತ್ತಿದ್ದೆ, ಮೂಗಿನ ಎತ್ತರಕ್ಕೆ ಬರುವ ಬರಣಿಗಳು, ಒಳಗಿಳಿದು ತಿಕ್ಕಬೇಕು. ಮೈಯೆಲ್ಲ ಮೊಸರಿನ ವಾಸನೆ, ಬಾಯಿಗೆ ಒಂದು ತೊಟ್ಟಿಲ್ಲ. ಒಂದು ವರ್ಷ ಬಿಸಿಗಾಲದ ಜ್ವರ ಅವ್ವನನ್ನು ಹಿಡಿಯಿತು. ತಿಂದದ್ದೆಲ್ಲ ವಾಂತಿ. ಮೊಸರನ್ನವೊಂದು ಒಳಗೆ ನಿಲ್ಲುತ್ತಿತ್ತು. ದಿನಾ ಪೊಟ್ಟಣ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅವ್ವ ದಿನದಿನಕ್ಕೆ ಚಾಪೆಗೆ ಅಂಟಿಕೊಳ್ಳುತ್ತಿದ್ದಳು, ನನಗೆ ಬೇರೆ ಯಾರೂ ಇರಲಿಲ್ಲ. ಒಂದು ಚಮಚ ಹೆಪ್ಪು ಸಿಕ್ಕರೆ ಅವ್ವ ಉಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ. ಅಷ್ಟು ನನ್ನ ಪುಟ್ಟ ತಲೆಗೆ ಚೆನ್ನಾಗಿ ಹೊಕ್ಕಿತ್ತು.

ಸಕ್ರವ್ವ ಜಿಪುಣಿಯಲ್ಲ. ಕೇಳಿದವರಿಗೆ ಕೊಡುತ್ತಿದ್ದಳು, ಆದರೆ ದೀಪ ಹಚ್ಚುವ ಮುಂಚೆ. ದೀಪ ಹಚ್ಚಿದ ಮೇಲೆ ಮನೆಯಿಂದ ಹಾಲು, ಮೊಸರು, ಹೆಪ್ಪು ಹೊರಗೆ ಹೋದರೆ ಲಕ್ಷ್ಮಿ ಅದರ ಹಿಂದೆಯೇ ಹೊರಟುಬಿಡುತ್ತಾಳೆ ಎಂಬುದು ನಿಮ್ಮ ಕಾಲದ ಪದ್ಧತಿಯೇ. ಊರು ಮುಳುಗಿತು, ಹಸು ಹೋಯಿತು, ಈ ಪದ್ಧತಿ ಮಾತ್ರ ಒದ್ದೆಯಾಗದೆ ಮೇಲೆ ಬಂತು ನೋಡಿ. ನನ್ನ ಬರಣಿ ತೊಳೆದು ಮುಗಿಯುವಷ್ಟರಲ್ಲಿ ಓಣಿಯಲ್ಲೆಲ್ಲ ದೀಪ. ಓಡಿ ಹೋದರೆ ಸಕ್ರವ್ವ ಹೊಸ್ತಿಲ ಮೇಲೆ ಕೂತು, ದೀಪ ಹಚ್ಚಾಯಿತು ಮಗಳೇ, ನಾಳೆ ಬಾ ಎನ್ನುತ್ತಿದ್ದಳು. ಬೆಳಗ್ಗೆ ದೀಪ ಆರುವ ಮುಂಚೆಯೇ ನನ್ನನ್ನು ಬರಣಿಯೊಳಗೆ ಇಳಿಸುತ್ತಿದ್ದರು. ನಾಳೆ ಎಂಬುದು ನನ್ನ ಪಾಲಿಗೆ ಇರಲೇ ಇಲ್ಲ.

ನಾಲ್ಕೈದು ಸಂಜೆ ಹೀಗೆಯೇ ಹಿಂದಿರುಗಿದೆ. ಆಮೇಲೊಂದು ದಿನ ಬರಣಿಯೊಳಗೆ ಕೂತು ತಿಕ್ಕುತ್ತಿದ್ದಾಗ ಒಂದು ವಿಚಾರ ಹೊಳೆಯಿತು. ಆ ಸಂಜೆ ಮನೆಗೆ ಹೋಗಿ ಇದ್ದಷ್ಟು ಕಾಳುಹಾಲು ಬೆಚ್ಚಗೆ ಮಾಡಿ, ಅವ್ವನ ಸೀರೆಯ ಚೂರಿನಲ್ಲಿ ಗಡಿಗೆ ಸುತ್ತಿಕೊಂಡು ಹೋದೆ. ಸಕ್ರವ್ವ ಬಾಯಿ ತೆರೆಯುವ ಮುಂಚೆಯೇ ಹೇಳಿದೆ: “ಹೆಪ್ಪ ಕೊಡಬ್ಯಾಡ ಆಯಿ. ನನ್ನ ಹಾಲು ಈ ರಾತ್ರಿ ನಿಮ್ಮನಿಯಾಗ ಇರಲಿ. ಲಕ್ಷ್ಮಿ ಹೊರಗ ಹೋಗೂದಿಲ್ಲ, ಒಳಗ ಬರ್ತಾಳ.”

ಸಕ್ರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ತೆಪ್ಪ ಅಲುಗಾಡುವಷ್ಟು. ಗಡಿಗೆಯನ್ನು ಒಳಗೆ ತೆಗೆದುಕೊಂಡಳು. ಮಾರನೆಯ ಬೆಳಗ್ಗೆ ದೀಪ ಬೇಗನೆ ಆರಿಸಿ, ನಾನು ಕೆಲಸಕ್ಕೆ ಹೊರಡುವ ಮುಂಚೆಯೇ ತಾನಾಗಿ ತಂದುಕೊಟ್ಟಳು. ಮೊಸರು ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗಿತ್ತು. ಅವ್ವ ಅದನ್ನು ಉಂಡು ಕಣ್ಣು ಮುಚ್ಚಿದಾಗ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ, ಅವಳಿಗೆ ನಿದ್ದೆ ಬಂದಿತ್ತು ಅಷ್ಟೇ. ಆಮೇಲೆ ಅವಳು ಮೂವತ್ತು ವರ್ಷ ಬದುಕಿದಳು, ನನ್ನನ್ನು ಬೈದುಕೊಂಡು.

ನನ್ನ ವ್ಯಾಪಾರ ಹುಟ್ಟಿದ್ದು ಹೀಗೆ. ನಿಮ್ಮ ಕಾಲದಲ್ಲಿ ವಸ್ತಿ ಬಸ್ಸು ಇತ್ತಂತೆ, ರಾತ್ರಿ ಊರಲ್ಲಿ ಉಳಿದು ಬೆಳಗ್ಗೆ ಹೊರಡುವಂಥದು. ಸಕ್ರವ್ವ ನನ್ನ ಗಡಿಗೆಗೆ ವಸ್ತಿಹಾಲು ಎಂದು ಹೆಸರಿಟ್ಟಳು. ನನ್ನಂತೆಯೇ ದೀಪ ಹಚ್ಚಿದ ಮೇಲೆ ಕೆಲಸ ಮುಗಿಯುವ ಹೆಂಗಸರು ಓಣಿತುಂಬ ಇದ್ದರು. ಅವರ ಗಡಿಗೆಗಳನ್ನೂ ಹೊತ್ತುಕೊಂಡು ಹೋಗತೊಡಗಿದೆ. ಬೆಳಗ್ಗೆ ಹಿಂತಿರುಗಿಸುವಾಗ ಗಡಿಗೆಗೊಂದು ಸೌಟು ಮೊಸರು ನಮ್ಮದು, ಅದಕ್ಕೆ ಸೌಟುಪಾಲು ಎಂದು ಹೆಸರು. ಸಕ್ರವ್ವ ತೀರಿಕೊಂಡ ಮೇಲೆ ಅವಳ ತೆಪ್ಪಕ್ಕೆ ಇನ್ನೊಂದು ತೆಪ್ಪ ಕಟ್ಟಿದೆ, ಅದಕ್ಕೆ ಮತ್ತೊಂದು. ವಸ್ತಿಮನೆ ಎಂದರೆ ಈಗ ತೇಲೂರಿನಲ್ಲಿ ಮಗು ಕೂಡ ದಾರಿ ತೋರಿಸುತ್ತದೆ. ನಾನು ಬರಣಿ ತೊಳೆದ ಪೊಟ್ಟಣದ ತೆಪ್ಪದವರು ನಮ್ಮ ಹೆಪ್ಪನ್ನು ಕೊಳ್ಳಲು ಬಂದಾಗ ಮಜ್ಜಿಗೆ ಕೊಟ್ಟು ಕಳಿಸಿದೆ. ವ್ಯಾಪಾರಮಂಡಳಿಯಲ್ಲಿ ಎಲ್ಲರಿಗಿಂತ ಎತ್ತರದ ಪೀಠದಲ್ಲಿ ಕೂತೆ. ಕೂತಾಗ ಕಾಲು ನೆಲ ಮುಟ್ಟುತ್ತಿರಲಿಲ್ಲ, ಬರಣಿಯೊಳಗೆ ಇಳಿದ ಹಾಗೇ ಅನ್ನಿಸಿ ಒಬ್ಬಳೇ ನಗುತ್ತಿದ್ದೆ.

ಆದರೆ ನನಗೆ ಸುಖ ಕೊಟ್ಟದ್ದು ಆ ಪೀಠವಲ್ಲ. ಕಷ್ಟದಲ್ಲಿದ್ದ ಹುಡುಗಿಯರನ್ನು ಕರೆತಂದು, ಹಾಲಿನ ಬಿಸಿಯನ್ನು ಬೆರಳಲ್ಲಿ ತಿಳಿಯುವುದರಿಂದ ಹಿಡಿದು ಗಿರಾಕಿಯ ಕೋಪವನ್ನು ಮುಖದಲ್ಲಿ ತಿಳಿಯುವ ತನಕ ಎಲ್ಲ ಕಲಿಸಿ, ಹೆಪ್ಪು ಕೊಟ್ಟು, ಅವರದೇ ತೆಪ್ಪದಲ್ಲಿ ಕೂರಿಸುವುದು. ಹೆಪ್ಪುಮಕ್ಕಳು ಅಂತ ಕರೆಯುತ್ತೇನೆ. ಅವರು ನನ್ನ ಮನೆಯನ್ನು ತವರು ಎಂದರು. ತವರೆಂದ ಮೇಲೆ ಯುಗಾದಿಗೆ ಬರಬೇಕಲ್ಲ. ಹಬ್ಬದ ಹಿಂದಿನ ದಿನ ತಮ್ಮ ಗಡಿಗೆಯ ಹೆಪ್ಪನ್ನು ಹೊಳೆಗೆ ಸುರಿದು, ಬೂದಿ ಹಾಕಿ ಬೆಳಗಿ, ತವರಿನ ಹೊಸ ಹೆಪ್ಪು ಒಯ್ಯುವ ಪದ್ಧತಿ ಅವರೇ ಮಾಡಿಕೊಂಡರು. ಉಡಿ ತುಂಬಿ, ಹೆಪ್ಪು ಕೊಟ್ಟು ಕಳಿಸುವಾಗ ನನ್ನ ಕಣ್ಣು ತುಂಬುತ್ತಿತ್ತು. ಒಬ್ಬಳು ಮಾತ್ರ ಎದುರು ಮಾತಾಡಿದಳು, ಹೊಳೆವ್ವ ಅಂತ. ಅವಳ ಅವ್ವನೂ ಹಗ್ಗದವಳು. ನನ್ನ ಗಡಿಗೆಯಲ್ಲಿರುವುದೂ ನಿಮ್ಮದರ ಮಗಳೇ ತಾನೆ, ಬದುಕಿರುವುದನ್ನು ಯಾಕೆ ಹೊಳೆಗೆ ಸುರಿಯಲಿ ಎಂದು ಎಲ್ಲರೆದುರು ಕೇಳಿದಳು. ತವರು ಬೇಡದವಳು ಬರುವುದು ಬೇಡ ಎಂದುಬಿಟ್ಟೆ. ಅವಳು ಹಗ್ಗ ಬಿಚ್ಚಿ, ತೆಪ್ಪ ನೂಕಿಕೊಂಡು ದೂರದ ಜೊಂಡಿನ ಕಡೆಗೆ ಹೋದಳು. ಆಮೇಲೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಎರಡು ವರ್ಷದ ಹಿಂದಿನ ಯುಗಾದಿಯಲ್ಲಿ ಆಗಬಾರದ್ದು ಆಯಿತು. ಬಿಸಿಗಾಲ ಕಾಲಕ್ಕೆ ಮುಂಚೆಯೇ ನುಗ್ಗಿತ್ತು. ಮಕ್ಕಳು ಹೆಪ್ಪು ಒಯ್ದ ಮಾರನೆಯ ದಿನ ನನ್ನ ದೊಡ್ಡ ಗಡಿಗೆಯಲ್ಲಿ ಸೌಟು ಎತ್ತಿದರೆ ಮೊಸರು ಲೋಳೆಯಾಗಿ ಎಳೆ ಎಳೆಯಾಗಿ ಬಂತು. ಎಷ್ಟು ಹಾಲಿಗೆ ಹಾಕಿದರೂ ಅದೇ ಲೋಳೆ. ಸಂಜೆಯ ಹೊತ್ತಿಗೆ ಮಕ್ಕಳು ಒಬ್ಬೊಬ್ಬರಾಗಿ ಗಡಿಗೆ ಹಿಡಿದು ಬಂದು ಅಂಗಳದಲ್ಲಿ ನಿಂತರು, ಎಲ್ಲರದೂ ಅದೇ ಕತೆ. ತಮ್ಮ ಚೆಂದದ ಹೆಪ್ಪನ್ನು ತಾವೇ ಹೊಳೆಗೆ ಸುರಿದು, ನನ್ನ ಕೆಟ್ಟ ಹೆಪ್ಪನ್ನು ಕಣ್ಣಿಗೊತ್ತಿಕೊಂಡು ಒಯ್ದಿದ್ದರು. ಅಷ್ಟು ಸಂಸಾರಗಳ ಅನ್ನ, ನಿಮ್ಮಿಂದ ಇಳಿದುಬಂದ ಜೀವ, ಒಂದೇ ದಿನದಲ್ಲಿ ಹೋಗಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಉಳಿದಿದ್ದರೆ ಹೊಳೆವ್ವನಲ್ಲಿ. ಬೆಳಗ್ಗೆ ಒಬ್ಬಳೇ ದೋಣಿ ಹತ್ತಿದೆ. ಖಾಲಿ ಪಾತ್ರೆ ಹಿಡಿದು ಒಬ್ಬರ ಮನೆಗೆ ಹೋಗಬಾರದೆಂದು ಅವ್ವ ಕಲಿಸಿದ್ದಳು, ಹಾಗಾಗಿ ಗಡಿಗೆಗೆ ಅಷ್ಟು ಕಾಸಿದ ಹಾಲು ಹಾಕಿ ಬಾಯಿ ಕಟ್ಟಿಕೊಂಡಿದ್ದೆ. ಗಾಳಿ ಎದುರಾಯಿತು. ಕೆಳಗೆ ನಿಮ್ಮ ಹೊಲಗಳ ಬದುಗಳು, ಬೇವಿನ ಮರದ ಬೊಡ್ಡೆ, ಯಾರದೋ ಮನೆಯ ಮೆಟ್ಟಿಲು ನಿಧಾನವಾಗಿ ಸರಿದುಹೋದವು. ಆ ಮೆಟ್ಟಿಲ ಮೇಲೆ ನೀವು ಕೂತು ಹಾಲು ಆರಿಸುತ್ತಿರುವಿರಿ ಎಂದೇ ಅನ್ನಿಸಿತು, ಕೈಬೀಸಿದೆ ಕೂಡ. ಜೊಂಡು ಮುಟ್ಟುವಷ್ಟರಲ್ಲಿ ಹೊಳೆವ್ವನ ತೆಪ್ಪದಲ್ಲಿ ದೀಪ ಕಾಣಿಸಿತು.

ಅಯ್ಯೋ, ತಡವಾಯಿತಲ್ಲ ಎಂದುಕೊಂಡೆ. ದೀಪದ ಪದ್ಧತಿ ಪಾಲಿಸಬೇಕೆಂದು ಆ ಹುಡುಗಿಗೆ ಕಲಿಸಿದವಳೇ ನಾನು. ತೆಪ್ಪದ ಅಂಚಿನಲ್ಲಿ ಗಡಿಗೆ ಅವಚಿಕೊಂಡು ಸುಮ್ಮನೆ ನಿಂತೆ. ಹೊಳೆವ್ವ ಹೊರಗೆ ಬಂದಳು, ನೋಡಿದಳು. ಸುದ್ದಿ ಅವಳಿಗೆ ಮೊದಲೇ ಮುಟ್ಟಿತ್ತೆಂದು ಮುಖವೇ ಹೇಳುತ್ತಿತ್ತು.

“ದೀಪ ಹಚ್ಚೀನ್ರಿ ಅವ್ವಾರ. ಹೆಪ್ಪ ಕೊಡಾಕ ಬರೂದಿಲ್ಲ,” ಎಂದಳು. ನಾನು ತಲೆ ತಗ್ಗಿಸಿ ತಿರುಗಿದೆ. ಹಿಂದಿನಿಂದ ಮೆಲ್ಲಗೆ ಕೇಳಿದಳು: “ಹಾಲು ತಂದೀರೇನು?”

ಎಂಬತ್ತರ ಹತ್ತಿರದವಳು, ಮಂಡಳಿಯ ಪೀಠದವಳು, ಬರಣಿ ತೊಳೆಯುವ ಹುಡುಗಿಯ ಹಾಗೆ ಗಳಗಳ ಅತ್ತುಬಿಟ್ಟೆ. ಎರಡೂ ಕೈಯಲ್ಲಿ ಗಡಿಗೆಯನ್ನು ಹೊಸ್ತಿಲಿನಿಂದ ಒಳಗೆ ಕೊಟ್ಟೆ. ಅವಳು ಬೆಚ್ಚಗೆ ಮಾಡಿದಳು, ಬೆರಳದ್ದಿ ನೋಡಿದಳು, ನಾನು ಕಲಿಸಿದ ಹಾಗೆಯೇ. ನನಗೂ ಅಲ್ಲೇ ವಸ್ತಿ. ಬೆಳಗ್ಗೆ ಚಮಚ ನೆಟ್ಟರೆ ನಿಂತಿತು.

ಈಗ ಪದ್ಧತಿ ತಿರುಗಿದೆ. ಯುಗಾದಿಗೆ ಯಾರೂ ಏನನ್ನೂ ಹೊಳೆಗೆ ಸುರಿಯುವುದಿಲ್ಲ. ನಾನೇ ಗಡಿಗೆಯಲ್ಲಿ ಹಾಲು ಹಿಡಿದುಕೊಂಡು ಒಬ್ಬೊಬ್ಬ ಮಗಳ ತೆಪ್ಪಕ್ಕೆ ವಸ್ತಿಗೆ ಹೋಗುತ್ತೇನೆ. ವಯಸ್ಸಾಯಿತು, ದೋಣಿ ಹತ್ತುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಹೊಳೆವ್ವ ಜೊತೆಗೆ ಬರುತ್ತಾಳೆ, ದಾರಿಯುದ್ದಕ್ಕೂ ನನ್ನೊಂದಿಗೆ ವಾದ ಮಾಡುತ್ತಾಳೆ.

ಇಷ್ಟು ಬರೆದದ್ದು ನಿಮ್ಮಲ್ಲೊಂದು ಬೇಡಿಕೆ ಇಟ್ಟುಕೊಂಡು. ನಿಮ್ಮ ಅಂಗಳದಲ್ಲಿ ಸಾಮಾನು ಹೇರಲು ಟ್ರ್ಯಾಕ್ಟರು ಬಂದು ನಿಂತಿರಬಹುದು. ಆ ಗಡಿಗೆಯನ್ನು ನೀವು ತೊಡೆಯ ಮೇಲೆ ಇಟ್ಟುಕೊಳ್ಳುತ್ತೀರಿ, ಅದು ನನಗೆ ಗೊತ್ತು. ಆದರೆ ಹೊರಡುವ ಮುಂಚೆ ಒಂದು ಚಮಚ ಇನ್ನೊಂದು ಮನೆಗೂ ಹೋಗಲಿ, ನಿಮ್ಮೊಡನೆ ಮಾತು ಬಿಟ್ಟವಳ ಮನೆಗಾದರೆ ಇನ್ನೂ ಒಳ್ಳೆಯದು. ಅವಳು ಹಟಮಾರಿ, ಹಗಲಲ್ಲಿ ಬರಲಾರಳು. ನೀವು ದೀಪ ಹಚ್ಚಿ ಒಳಗೆ ಕೂತ ಮೇಲೆ ಬಂದು ಬಾಗಿಲಲ್ಲಿ ಸುಮ್ಮನೆ ನಿಂತಾಳು. ನಾಳೆ ಬಾ ಎನ್ನಬೇಡಿ ತಾಯಿ. ಹಾಲು ತಂದೀಯೇನು ಎಂದು ಕೇಳಿ.

ನಿಮ್ಮ ನೀರಿನ ಮೇಲಿನ ಮೊಮ್ಮಗಳು,
ಬಾಳವ್ವ