ಎತ್ತರದ ಮೇಜು

ಜೂನ್ 10, ಎರ್ನಾಕುಲಂ

ಮತ್ತೆ ಸಿಗಡಿ ಶೆಡ್. ಆರನೇ ದಿನ. ಹತ್ತು ಹೆಂಗಸರು ನೆಲದ ಮೇಲೆ ಸುತ್ತ ಕೂತು ಸಿಗಡಿ ಸುಲಿಯುತ್ತಾರೆ. ಥೀಸಿಸ್‌ಗಾಗಿ ಅವರ ಬೆನ್ನು, ಮಣಿಕಟ್ಟು ಬಾಗುವ ಕೋನ ಅಳೆದೆ. ಚಾರ್ಟ್‌ನಲ್ಲಿ ಎಲ್ಲ ಕೆಂಪು, ಅಂದರೆ ಅಪಾಯ. ಇಂದುಮತಿ ಚೇಚಿಯದು (ಇಲ್ಲಿ ಅಕ್ಕನಿಗೆ ಚೇಚಿ ಅನ್ನುತ್ತಾರೆ) ಅತಿ ಕೆಟ್ಟದು. ವಯಸ್ಸು ಐವತ್ತೆಂಟು, ಬೆರಳು ಸರಿಯಾಗಿ ಮಡಚಲಾಗುವುದಿಲ್ಲ. ಎತ್ತರದ ಮೇಜು ಬೇಕೆಂದು ರಿಪೋರ್ಟ್ ಕೊಟ್ಟೆ. ಮ್ಯಾನೇಜರ್ ಒಪ್ಪಿದರು. ಖುಷಿ.

ಆಗಸ್ಟ್ 2

ಮೇಜು ಬಂದು ಮೂರು ವಾರ. ಗೋಡೆಗೆ ಮುಖ ಮಾಡಿ, ದೂರ ದೂರ. ಬೆನ್ನುನೋವು ಕಡಿಮೆ. ಆದರೆ ಚೇಚಿಯ ಟ್ರೇ ದಿನದ ಲೆಕ್ಕಕ್ಕೆ ತುಂಬುತ್ತಿಲ್ಲ. ತಿಂಗಳ ಕೊನೆಗೆ ಕೆಲಸದಿಂದ ಬಿಡಿಸುತ್ತಾರಂತೆ. ನನ್ನ ಮೇಜಿನಿಂದ...

ಪಕ್ಕದಲ್ಲಿ ಸಿಗಡಿ ಸುಲಿಯುವ ಪಾವನಾಳನ್ನು ಕೇಳಿದೆ. ನಮ್ಮ ಕಾಸರಗೋಡಿನವಳೇ, ಇಲ್ಲಿಗೆ ಮದುವೆಯಾಗಿ ಬಂದವಳು. ಮೆಲ್ಲಗೆ ಹೇಳಿದಳು: "ನೆಲದಲ್ಲಿ ಕೂತಾಗ ನಾವೆಲ್ಲ ಒಂದೊಂದು ಹಿಡಿ ಚೇಚಿಯ ಟ್ರೇಗೆ ಹಾಕ್ತಿದ್ದೆವು. ಈಗ ಎದ್ದು ಹೋಗ್ಬೇಕು. ಸೂಪರ್‌ವೈಸರ್‌ಗೆ ಕಾಣ್ತದೆ, ಹಾಗೆ ಕೊಡುವ ಹಾಗಿಲ್ಲ."

ಆಗಸ್ಟ್ 5, ಶ್ರೀಕಾರ್ಯಂ

ತಿರುವನಂತಪುರಕ್ಕೆ ವಾಪಸ್. ಗೈಡ್ ತುಂಗಾ ಮೇಡಂ ಬೋರ್ಡ್ ಮೇಲೆ ತ್ರಿಕೋನ ಬರೆದರು. ಚಟುವಟಿಕೆ ಸಿದ್ಧಾಂತ. ಸುಮಾರು ನೂರು ವರ್ಷದ ಹಿಂದೆ ರಷ್ಯದ ಮನಶ್ಶಾಸ್ತ್ರಜ್ಞರು ಶುರು ಮಾಡಿದ್ದು — ಮನಸ್ಸನ್ನು ಅರಿಯಬೇಕಾದರೆ ಮನುಷ್ಯ ಏನನ್ನು, ಯಾವ ಉಪಕರಣದಿಂದ, ಯಾಕೆ ಮಾಡುತ್ತಾನೆಂದು ನೋಡಿ. ನಂತರದವರು ಕೆಳಗೆ ಇನ್ನೊಂದು ಸಾಲು ಸೇರಿಸಿದರು: ನಿಯಮ, ಜೊತೆಗಾರರು, ಕೆಲಸದ ಹಂಚಿಕೆ. ಕೆಲಸವನ್ನು ಮೈಗೆ ಹೊಂದಿಸುವ ನಮ್ಮ ಎರ್ಗನಾಮಿಕ್ಸ್‌ಗೆ ಬೇಕಾದದ್ದು ಆ ಸಾಲೇ.

"ನೀನು ಕೈ ಅಳೆದೆ ಸಮೀಕ್ಷಾ. ಆ ಕೈ ಯಾರ ಜೊತೆ ಕೆಲಸ ಮಾಡ್ತಿದೆ ಅಂತ ನೋಡ್ಲಿಲ್ಲ," ಎಂದರು. ಬೈದದ್ದಲ್ಲ. ಬೈದಿದ್ದರೆ ವಾಸಿ ಇತ್ತು.

ರಿಪೋರ್ಟ್‌ನಲ್ಲಿ ನಿಜವಾದ ಕಾರಣ ಬರೆದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಬರೆಯದಿದ್ದರೆ ಚೇಚಿಯ ಕೆಲಸ ಹೋಗುತ್ತದೆ.

ಆಗಸ್ಟ್ 19

ಮ್ಯಾನೇಜರ್‌ಗೆ ಹೊಸ ರಿಪೋರ್ಟ್: ಮೇಜುಗಳನ್ನು ಎದುರುಬದುರು ಸೇರಿಸಿಡಿ, ಒಟ್ಟು ಕೆಲಸ ಹೆಚ್ಚುತ್ತದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಉಳಿದದ್ದು, ಆ ಹಿಡಿಗಳ ಮಾತು, ಥೀಸಿಸ್‌ಗೆ — ಊರು, ಹೆಸರು ಇಲ್ಲದೆ. ಅದಕ್ಕೂ ಚೇಚಿ ಒಪ್ಪಬೇಕು, ಎಂದರು ಮೇಡಂ.

ಸೆಪ್ಟೆಂಬರ್ 28, ಎರ್ನಾಕುಲಂ

ಮೇಜುಗಳು ಸೇರಿವೆ. ಚೇಚಿ ಕೆಲಸದಲ್ಲಿದ್ದಾರೆ.

ಥೀಸಿಸ್‌ನ ಪ್ಯಾರಾವನ್ನು ಚೇಚಿಗೆ ಮಲಯಾಳಂನಲ್ಲಿ ಓದಿ ಹೇಳಿದೆ. 'ನಿಧಾನವಾದ ಕೆಲಸಗಾರ್ತಿಗೆ ಉಳಿದವರು ನೆರವಾಗುತ್ತಾರೆ...' ಕೈ ಅಡ್ಡ ಹಿಡಿದು ನಿಲ್ಲಿಸಿದರು. ಇಪ್ಪತ್ತು ವರ್ಷ ಅಲ್ಲಿ ಎಲ್ಲರಿಗಿಂತ ವೇಗ ಅವರದೇ ಆಗಿತ್ತಂತೆ. ಪಾವನಾ ಬಸುರಿಯಾಗಿದ್ದಾಗ ಅವಳ ಟ್ರೇ ತುಂಬಿಸಿದ್ದು ಅವರು. ಹೊಸದಾಗಿ ಸೇರಿದ ಪ್ರತಿಯೊಬ್ಬಳದ್ದೂ.

"ಞಾನುಂ ಕೊಡುತ್ತಿಟ್ಟುಂಡ್, ಮೋಳೇ." ನಾನೂ ಕೊಟ್ಟಿದ್ದೇನೆ, ಮಗಳೇ. ಅದನ್ನೂ ಬರಿ, ಇಲ್ಲವಾದರೆ ಏನೂ ಬೇಡ ಅಂದರು.

ಪ್ಯಾರಾ ಹೊಡೆದುಹಾಕಿದೆ. ಮತ್ತೆ ಮೊದಲಿಂದ: 'ಈ ಶೆಡ್‌ನಲ್ಲಿ ಇಪ್ಪತ್ತು ವರ್ಷ ಒಬ್ಬ ಹೆಂಗಸು ಉಳಿದವರ ಟ್ರೇ ತುಂಬಿಸಿದಳು; ಈಗ ಅವರು ಅವಳದನ್ನು ತುಂಬಿಸುತ್ತಾರೆ.'