ನಾನು ಕೂರಬೇಕಾದ ಕುರ್ಚಿ

ಅಂಗಡಿಯ ಹಿಂದಿನ ಕೋಣೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

..."ನೀನು ಯಾವ ಕಡೆ ಕೂರ್ತೀಯ" ಅಂತ ಹೋದ ಭೇಟಿಯಲ್ಲಿ ನನ್ನನ್ನು ಕೇಳಿದೆ. ಅದಕ್ಕೆ ಮೊದಲು ನೀನು ಇನ್ನೇನೋ ಹೇಳಿದ್ದೆ, ಎಷ್ಟು ತಿಣುಕಿದರೂ ಅದು ನೆನಪಿಗೆ ಬರುತ್ತಿಲ್ಲ. ಭೇಟಿಯ ಹೊತ್ತು ಮುಗಿದು ಜೈಲಿನ ಕಾವಲಿನವನು ನಿನ್ನ ಭುಜ ಮುಟ್ಟಿದ್ದ, ನೀನಾಗಲೇ ಅರ್ಧ ತಿರುಗಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಎರಡು ಸಲ ಬಂದೆ, ನೀನು ಹೊರಗೆ ಬರಲಿಲ್ಲ. ಕಾಗದಕ್ಕೂ ಉತ್ತರವಿಲ್ಲ. ಮಂಡಿ ನೋವು ಹೇಗಿದೆ? ಕೆಮ್ಮಿಗೆ ಔಷಧ ಕೊಡುತ್ತಾರಾ, ಇಲ್ಲ ಬಿಸಿನೀರು ಕುಡಿ ಅಂತ ಕಳಿಸುತ್ತಾರಾ? ಕಳಿಸಿದ ಸ್ವೆಟರ್ ಕೈಗೆ ಸಿಕ್ಕಿದ್ದರೆ ಅಷ್ಟನ್ನಾದರೂ ಬರೆ. ನಿನಗೆ ಗಂಟಲು ಕೆಟ್ಟರೆ ನಿದ್ದೆ ಬರುವುದಿಲ್ಲ, ನಿದ್ದೆ ಕೆಟ್ಟರೆ ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಅದೆಲ್ಲ ಅಲ್ಲಿ ಯಾರಿಗೆ ಗೊತ್ತು?

ಇಲ್ಲಿ ನಿನ್ನ ಅತ್ತಿಗೆಯ ಗಾಯ ಪೂರ್ತಿ ಮಾಯ್ದಿದೆ. ಎಡಗಣ್ಣು ಹೋದದ್ದು ಹೋಯಿತು. ಕಷ್ಟ ಇರುವುದು ನೋಡುವುದರಲ್ಲಿ ಅಲ್ಲ, ದೂರ ಹತ್ತಿರ ತಿಳಿಯುವುದರಲ್ಲಿ. ಮೊದಮೊದಲು ನೀರು ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಈಗ ಹೂಜಿಯ ಮೂತಿಯನ್ನು ಲೋಟದ ಅಂಚಿಗೆ ತಾಗಿಸುತ್ತಾಳೆ, ಟಣ್ ಅಂದ ಮೇಲೆ ಬಗ್ಗಿಸುತ್ತಾಳೆ. ಪ್ರತಿ ಊಟದಲ್ಲೂ ಆ ಸದ್ದಿಗಾಗಿ ಉಸಿರು ಹಿಡಿದು ಕಾಯುವುದು ನನ್ನ ಕೆಲಸ. ಅಂಗಡಿಗೆ ಬಂದವರು ಅಯ್ಯೋ ಪಾಪ ಅಂದರೆ ಅವಳೇ ಸಮಾಧಾನ ಮಾಡುತ್ತಾಳೆ: "ಫೋಟೋಗೆ ಕಟ್ಟು ಹಾಕೋರಿಗೆ ಒಂದು ಕಣ್ಣು ಧಾರಾಳ ಆಯ್ತು. ಮೂಲೆ ನೆಟ್ಟಗಿದೆಯಾ ನೋಡೋಕೆ ನೀವೂ ಒಂದು ಕಣ್ಣು ಮುಚ್ಕೊಳ್ಳಲ್ವಾ?" ಅವರಿಗೆ ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ. ಗೋಡೆಗೆ ನೇತುಹಾಕಿದ ಖಾಲಿ ಕಟ್ಟುಗಳನ್ನು ನೋಡುತ್ತ ನಿಲ್ಲುತ್ತಾರೆ. ನಾನೂ ಅದನ್ನೇ ಮಾಡುತ್ತೇನೆ.

ಪೆಟ್ಟು ಮಾಡಿದವರನ್ನೂ ಪೆಟ್ಟು ತಿಂದವರನ್ನೂ ಕೂರಿಸಿ ಮಾತುಕತೆ ನಡೆಸಿಕೊಡುವ ಆ ಮೇಡಂ ನಿನ್ನೆ ಮತ್ತೆ ಬಂದಿದ್ದರು. ನಿನ್ನನ್ನೂ ಅವಳನ್ನೂ ಎದುರುಬದುರು ಕೂರಿಸುವ ಮೊದಲು ಅವರು ಮಾಡುವ ತಯಾರಿ ನೋಡಿದರೆ ನನಗೆ ನಮ್ಮ ಕೆಲಸವೇ ನೆನಪಾಗುತ್ತದೆ, ಗಾಜು ಕೊಯ್ಯುವ ಮೊದಲು ಮೇಜನ್ನು ಹತ್ತು ಸಲ ಒರೆಸಿದ ಹಾಗೆ. ನಿನಗೆ ಹೇಳಿದ್ದನ್ನೇ ಅವಳಿಗೂ ಹೇಳಿದರು. ಯಾರಿಗೂ ಬಲವಂತ ಇಲ್ಲ. ಮಧ್ಯದಲ್ಲಿ ಸಾಕು ಅನ್ನಿಸಿದರೆ ಕಾರಣ ಹೇಳದೆ ಎದ್ದು ಹೋಗಬಹುದು. ಒಳಗೆ ಆಡಿದ ಮಾತು ಕೋರ್ಟಿಗೆ ಹೋಗುವುದಿಲ್ಲ. ನಿನ್ನ ಶಿಕ್ಷೆ ಇದರಿಂದ ಒಂದು ದಿನವೂ ಕಡಿಮೆಯಾಗುವುದಿಲ್ಲ. ನಾನು ಮೆಲ್ಲಗೆ, ಕೊನೆಯಲ್ಲಿ ಕ್ಷಮಿಸುವ ಮಾತು ಬರುತ್ತದೆಯಲ್ಲ ಅಂದೆ. ಮೇಡಂ ಕನ್ನಡಕ ತೆಗೆದರು. "ಆ ಪದ ನೀವು ಬಾಯಿಗೆ ತರಬೇಡಿ ಸಾರ್. ನಾನೂ ತರಲ್ಲ. ಅದು ಅವರ ಹತ್ತಿರ ಇರೋದು. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ." ನಿನ್ನ ಅತ್ತಿಗೆ ತಲೆಯೆತ್ತಿ ಅವರನ್ನು ನೋಡಿದ ರೀತಿ ನೀನು ನೋಡಬೇಕಿತ್ತು. ಇಷ್ಟು ದಿನ ನೆಂಟರು, ವಕೀಲರು, ಕೊನೆಗೆ ನಾನು, ಎಲ್ಲರೂ ಅವಳ ಕೈಯಿಂದ ಅದನ್ನು ಕಿತ್ತುಕೊಳ್ಳಲು ನಿಂತವರೇ.

ಕುರ್ಚಿಯ ವಿಷಯ ನಿನಗೆ ಅವರೇ ತಿಳಿಸಿದ್ದಾರೆ. ಎರಡೂ ಕಡೆಗೆ ಒಬ್ಬೊಬ್ಬರು ಜೊತೆಗಾರರು, ಒಬ್ಬರೇ ಇಬ್ಬರಿಗೂ ಆಗುವಂತಿಲ್ಲ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ ಅಂದೆ. ಜೀವಮಾನವೆಲ್ಲ ನಾನು ನಿಂತದ್ದು ಅಲ್ಲೇ ತಾನೆ, ಅಪ್ಪ ಅಮ್ಮನ ಜಗಳದಲ್ಲಿ, ನಿನ್ನ ಅವಳ ಜಗಳದಲ್ಲಿ. "ಬಾಗಿಲಲ್ಲಿ ನಿಲ್ಲೋರಿಗೆ ಆ ರೂಮಲ್ಲಿ ಜಾಗ ಇಲ್ಲ ಸಾರ್" ಅಂದರು. ಅವಳ ಅಕ್ಕ ಅಲ್ಲೇ ಇದ್ದಳು, ಸುಮ್ಮನಿರುತ್ತಾಳೆಯೇ? "ಇದರಲ್ಲಿ ಯೋಚನೆ ಮಾಡೋಕೆ ಏನಿದೆ ನಿಮಗೆ? ತಾಳಿ ಕಟ್ಟಿದ್ದು ಯಾರಿಗೆ, ತಮ್ಮನಿಗಾ?" ನಾನು ನಕ್ಕೆ.

ಅವಳು ನಿನ್ನನ್ನು ಕೇಳಬೇಕೆಂದಿರುವುದು ಒಂದೇ ಮಾತು. ಯಾಕೆ ಸಿಟ್ಟು ಬಂತು ಅಂತ ಅಲ್ಲ, ಅದು ಅವಳಿಗೆ ಗೊತ್ತು. ನೀನು ಹಾಕಿ ಮೂರನೇ ಸಲ ವಾಪಸ್ ಬಂದ ಕಟ್ಟನ್ನು ಗಿರಾಕಿಯ ಎದುರಿಗೇ ಎತ್ತಿ ಹಿಡಿದು, "ಇದಕ್ಕೆ ಮೂರೂವರೆ ಮೂಲೆ ಇದೆಯಲ್ಲೋ ಮಾರಾಯ" ಅಂದಳು. ಗಿರಾಕಿ ನಕ್ಕ. ನಿನ್ನ ಕೈಯಲ್ಲಿ ಗಾಜಿನ ಹಾಳೆ ಇತ್ತು. ಗೋಡೆಗೆ ಎಸೆದೆ, ಚೂರು ಸಿಡಿದು ಅವಳ ಕಣ್ಣಿಗೆ ಹೋಯಿತು ಅಂತ ನೀನು ಕೋರ್ಟಿನಲ್ಲಿ ಹೇಳಿದೆ. ಅವಳು ಕೇಳುವುದು ಇಷ್ಟೇ: "ಎಸೆಯುವ ಮೊದಲು ನಾನು ಅಲ್ಲಿ ನಿಂತಿದ್ದೆ ಅಂತ ನಿನಗೆ ಗೊತ್ತಿತ್ತಾ?" ಹೋದ ವಾರ ನನ್ನನ್ನು ನೀನಿದ್ದ ಜಾಗದಲ್ಲಿ ನಿಲ್ಲಿಸಿ, ತಾನು ತನ್ನ ಜಾಗದಲ್ಲಿ ಹೋಗಿ ನಿಂತಳು. ಗಾರೆ ಕಿತ್ತು ಬಂದ ಗುರುತು ಅವಳ ಕಿವಿಯ ಪಕ್ಕದಲ್ಲೇ ಇದೆ, ಅಂಗೈ ಅಗಲದ ಅಂತರ. ಗೋಡೆಗೆ ಎಸೆದದ್ದು ಅನ್ನುವವರಿಗೂ ಅದೇ ಸಾಕ್ಷಿ, ಅವಳಿಗೆ ಎಸೆದದ್ದು ಅನ್ನುವವರಿಗೂ ಅದೇ ಸಾಕ್ಷಿ. "ಏನು ಕಾಣ್ಸುತ್ತೆ ನಿಮಗೆ?" ಅಂತ ಕೇಳಿದಳು. "ನೀನು ಕಾಣ್ತೀಯ" ಅಂದೆ. ಬೇರೆ ಏನು ಹೇಳಲಿ? ಆ ದಿನ ನಾನು ಬೆನ್ನು ಹಾಕಿ ಮೊಳೆ ಹುಡುಕುತ್ತಿದ್ದೆ. ನನಗೆ ಗೊತ್ತಿರುವುದು ಸದ್ದು ಮಾತ್ರ.

ಶುಕ್ರವಾರದೊಳಗೆ ನೀನು ಹೂಂ ಅನ್ನದಿದ್ದರೆ ಮೇಡಂ ಇದನ್ನು ಇಲ್ಲಿಗೇ ಮುಗಿಸುತ್ತಾರಂತೆ. ಬೇಡ ಅನ್ನುವ ಹಕ್ಕು ನಿನಗಿದೆ, ನಿನ್ನ ಮೇಲೆ ಒತ್ತಡ ಹಾಕಬಾರದು ಅಂತ ನನಗೆ ತಾಕೀತು ಮಾಡಿದ್ದಾರೆ. ಆದ್ದರಿಂದ ಇದನ್ನು ಒತ್ತಡ ಅಂದುಕೊಳ್ಳಬೇಡ, ಕಾಲು ಹಿಡಿಯುವುದು ಅಂದುಕೋ. ಅವಳ ಪ್ರಶ್ನೆಗೆ ನೀನು ಹೌದು ಅಂದರೆ ಏನಾಗುತ್ತದೆ, ಇಲ್ಲ ಅಂದರೆ ಅವಳು ನಂಬುತ್ತಾಳಾ, ನನಗೆ ಗೊತ್ತಿಲ್ಲ. ಈ ಮನೆಯಲ್ಲಿ ಆ ಪ್ರಶ್ನೆ ನಮ್ಮಿಬ್ಬರ ನಡುವೆ ಮಲಗುತ್ತದೆ, ನಮ್ಮಿಬ್ಬರಿಗಿಂತ ಮೊದಲು ಏಳುತ್ತದೆ. ಅದನ್ನು ಇಲ್ಲಿಂದ ಎಬ್ಬಿಸಿ ಕಳಿಸಬಲ್ಲವನು ನೀನೊಬ್ಬನೇ.

ನಿನ್ನ ಗಾಜು ಕೊಯ್ಯುವ ಕಟರ್‌ಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಅದನ್ನು ಯಾರಿಗೂ ಕೊಟ್ಟಿಲ್ಲ. ಮೈ ಕಡೆ ಗಮನವಿರಲಿ, ಯಾರ ಮಾತಿಗೂ ಕೆರಳಬೇಡ. ನಿನಗೆ ಒಳ್ಳೆಯದಾಗಲಿ ಅನ್ನುವಾಗ ಅವಳ ಮುಖ ಕಣ್ಣೆದುರು ಬರುತ್ತದೆ, ಆದರೂ ಅನ್ನುತ್ತೇನೆ.

ನಿನ್ನ
ಅಣ್ಣ

ತಾ.ಕ.: ಲಕೋಟೆ ಅಂಟಿಸುವಾಗ ಅವಳು ಬಂದಳು. ಕುರ್ಚಿಯ ವಿಷಯ ಮೇಡಂಗೆ ಫೋನು ಮಾಡಿ ಅವಳೇ ತೀರ್ಮಾನ ಮಾಡಿದ್ದಾಳೆ. ಅವಳ ಪಕ್ಕ ಅಕ್ಕ ಕೂರುತ್ತಾಳೆ. ನಾನು ನಿನ್ನ ಪಕ್ಕ. "ನನ್ನ ಎಡಕ್ಕೆ ಕೂತರೆ ನೀವು ಇದ್ದೀರೋ ಇಲ್ವೋ ನನಗೆ ಗೊತ್ತೇ ಆಗಲ್ಲ. ಬಲಕ್ಕೆ ಕೂತರೆ ಅವನ ಕಡೆ ತಿರುಗಿದ ಕೂಡಲೇ ಮಾಯ ಆಗ್ತೀರಿ. ಎದುರಿಗೇ ಕೂತ್ಕೊಳ್ಳಿ. ಇರೋ ಒಂದು ಕಣ್ಣಲ್ಲಿ ಇಬ್ಬರನ್ನೂ ಒಟ್ಟಿಗೆ ನೋಡ್ತೀನಿ" ಅಂದಳು. "ಅವನು ಬರದಿದ್ದರೆ?" ಅಂದೆ. ಹೂಜಿ ಎತ್ತಿಕೊಂಡು ಲೋಟಕ್ಕೆ ತಾಗಿಸಿದಳು. "ಅವನು ಬರದಿದ್ದರೆ ಊಟಕ್ಕೆ ಕೂತಾಗ ಆ ಪ್ರಶ್ನೆ ನಿಮ್ಮನ್ನೇ ಕೇಳ್ತೀನಿ. ಅವನ ಕಡೆಯವರು ಅಂತ ನನಗೆ ಇನ್ಯಾರು ಸಿಗ್ತಾರೆ?" ಇಲ್ಲಿ ಎದ್ದು ಹೋಗಲು ಬೇರೆ ಬಾಗಿಲಿಲ್ಲ, ಸಾಕು ಅನ್ನಲು ಮೇಡಂ ಇಲ್ಲ. ತಮ್ಮಾ, ಬೆನ್ನು ಹಾಕಿ ನಿಂತಿದ್ದವನು ನಾನು, ಅವಳಿಗೆ ಏನಂತ ಹೇಳಲಿ?