ಅಕ್ಕಿ ಹೆಚ್ಚಿದೆ

ಟಿ. ನರಸೀಪುರ, ಬುಧವಾರ

ಪ್ರೀತಿಯ ಚಿಕ್ಕಮ್ಮ,

ಕಾರ್ಡಿನಲ್ಲಿ ಜಾಗ ಕಡಿಮೆ, ನನಗೆ ಸಿಟ್ಟು ಜಾಸ್ತಿ. ಪದಕ್ಕೂ ವಸ್ತುವಿಗೂ ಇರುವುದು ಬರೀ ರೂಢಿಯ ನಂಟು ಎಂದು ಶುರುವಾದ ಸಾಹಿತ್ಯ ಸಿದ್ಧಾಂತ, ಯಾವ ಅರ್ಥವೂ ಪೂರ್ತಿ ನಿಲ್ಲುವುದಿಲ್ಲ ಎಂಬಲ್ಲಿಗೆ ಹೇಗೆ ಬಂತೆಂದು ಬೆಳಗ್ಗೆ ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡಿದೆ. ಮಧ್ಯಾಹ್ನ ಹಾಸ್ಟೆಲಿನ ಹುಡುಗಿಯರು ತಟ್ಟೆಗೆ ಬರೀ ಸಾರು ಹಾಕಿಸಿಕೊಂಡು ಕೂತಿದ್ದರು. ಅಡುಗೆಯ ಮಂಗಳಗೌರಿ ಮೊನ್ನೆಯೇ ವಾರ್ಡನ್‌ಗೆ "ಅಕ್ಕಿ ಹೆಚ್ಚದೆ ಸಾ" ಎಂದಿದ್ದಳಂತೆ. ಬಳೆ ಒಡೆದರೆ ನೀವು "ಹೆಚ್ಚಿತು" ಅನ್ನುತ್ತೀರಲ್ಲ, ಹಾಗೆ; ಮುಗಿದಿದೆ ಎಂದರ್ಥ. ಆತ ತರಿಸಲು ಮರೆತು, ಈಗ ಅವಳನ್ನೇ ಕೆಲಸದಿಂದ ಬಿಡಿಸುತ್ತಿದ್ದಾನೆ.

"ಮಿಕ್ಕದೆ ಅಂದ್ಕಂಡೆ. ಪದಕ್ಕೆ ನಿಂತ ಅರ್ಥ ಇಲ್ಲ ಅಂತ ನೀವೇ ಹೇಳಿದ್ರಲ್ಲ ಮೇಡಂ" ಎಂದು, ಬೆಳಗ್ಗೆ ನನ್ನ ಪಾಠಕ್ಕೆ ಬಂದು ಹಿಂದೆ ಕೂತಿದ್ದ ವಾರ್ಡನ್ ನನ್ನೆದುರೇ ನಕ್ಕ.

"ಇವ್ರೂರು ಕವಲಂದೇಲಿ ಇವ್ರವ್ವ ಏನಂತಾಳೆ ಕೇಳ್ರವ್ವ" ಎಂದಳು ಮಂಗಳಗೌರಿ. "ಮನೇಲಿ ಅಕ್ಕಿ ಇಲ್ಲ ಅಂತ ಯಾರಾರ ಬಾಯ್ಬಿಟ್ಟು ಅಂದಾರಾ?"

ನನ್ನ ಪಾಠದಲ್ಲೇ ಏನಾದರೂ ಸಡಿಲವಿತ್ತೇ ಎಂದು ಯೋಚಿಸಿದೆ. ಇದ್ದಿರಬಹುದು. ಆದರೆ ಅರ್ಥ ನಿಲ್ಲುವುದಿಲ್ಲ ಎಂದರೆ, ಕುರ್ಚಿಯಲ್ಲಿ ಕೂತವನು ಹೇಳಿದ್ದೇ ಅರ್ಥ ಎಂದಲ್ಲವಲ್ಲ. ಅಂಥವರ ಖಾತ್ರಿಯನ್ನು ಅಲುಗಿಸುವ ಮಾತನ್ನು ಆತ ಅಡುಗೆಯವಳ ಮೇಲೆ ತಿರುಗಿಸಿದ.

ನನ್ನ ನೆಗಡಿ ವಾಸಿಯಾಗಿದೆ. ನಿಮ್ಮ ಮಂಡಿನೋವಿನ ಎಣ್ಣೆಯನ್ನು ನಂಜನಗೂಡಿನಲ್ಲಿ ಕೊಂಡಿದ್ದೇನೆ.

ಮಂಗಳಗೌರಿಯನ್ನು ವಾಪಸು ಕರೆಯದಿದ್ದರೆ ನಾಳೆಯ ಪಾಠ ಮಾಡುವುದಿಲ್ಲ ಎಂದು ಪ್ರಾಂಶುಪಾಲರಿಗೆ ಹೇಳಿಬಿಟ್ಟೆ.

"ಹಂಗಂದ್ರೆ ಏನರ್ಥ ಮೇಡಂ?" ಎಂದರು.

"ಮಾಡೋದಿಲ್ಲ ಅಂತಲೇ ಅರ್ಥ" ಎಂದೆ.

ಅವಸರದಲ್ಲಿ,
ನಿಮ್ಮ ಶಾಂತಿ